ಶನಿವಾರದ ಕೂಗು

ಆ ಊರಿನಲ್ಲಿ ಬಸ್ಸಿಳಿದ ಕೂಡಲೇ ನಾನು ಮಾಡಿದ ತಪ್ಪೆಂದರೆ ಹಮಾಲನನ್ನು ಕೂಗಿದ್ದು. ಇಪ್ಪತ್ತಾರು ವರ್ಷ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಹಾಡಿದವಳು ನಾನು. ತಗಡಿನ ಥಿಯೇಟರಿನ ಕಡೆಯ ಬೆಂಚಿನಲ್ಲಿ ಶೇಂಗಾ ಸುಲಿಯುತ್ತ ಕೂತವನಿಗೂ ಮಾತು ಮುಟ್ಟಬೇಕು ಅನ್ನುವುದು ನನ್ನ ರಕ್ತಕ್ಕೇ ಇಳಿದುಹೋಗಿತ್ತು. ಟ್ರಂಕು ಕೆಳಗಿಟ್ಟು, "ಯಾರಪಾ ಅಲ್ಲಿ, ಸಾಮಾನ ಎತ್ತಾಕ ಬರ್ರಿ!" ಎಂದೆ. ಸ್ಟ್ಯಾಂಡಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಒಬ್ಬಾಕೆ ತನ್ನ ಕೂಸಿನ ಕಿವಿ ಮುಚ್ಚಿದಳು. ಓಡಿ ಬಂದ ಹಮಾಲ ಟ್ರಂಕಿಗೆ ಕೈ ಹಾಕುವ ಮೊದಲು ನನಗೇ ಕೈ ಮುಗಿದು, ಪಿಸುಮಾತಿನಲ್ಲಿ, "ಅಕ್ಕಾರ, ಹಿಂಗ ಕೂಗಿಬಿಟ್ರಿ. ನಾಳೆ ಇಷ್ಟೊತ್ತಿಗೆ ನಾ ಮತ್ತ ಇಲ್ಲಿ ಬರಬೇಕಾತಲ್ಲ!" ಎಂದ.

ಅವನ ಮಾತು ನನಗೆ ಅರ್ಥವಾದದ್ದು ಮರುದಿನ. ಸಾಬೂನು ತರಲು ಅದೇ ಹೊತ್ತಿಗೆ ಸ್ಟ್ಯಾಂಡಿನ ಹತ್ತಿರ ಹೋಗಿದ್ದೆ. ಯಾರೂ ಇಲ್ಲದ ಜಾಗದಿಂದ ನನ್ನದೇ ದನಿ ಕೇಳಿಸಿತು: "ಯಾರಪಾ ಅಲ್ಲಿ, ಸಾಮಾನ ಎತ್ತಾಕ ಬರ್ರಿ!" ಆ ಜಾಗದ ಮುಂದೆ ನಿನ್ನೆಯ ಹಮಾಲ ತಲೆಗೆ ಸಿಂಬೆ ಸುತ್ತಿಕೊಂಡು ಬಂದು ನಿಂತಿದ್ದ. ಎತ್ತಲು ಏನೂ ಇರಲಿಲ್ಲ. ನನ್ನನ್ನು ಕಂಡು, "ಕರದ ಮ್ಯಾಗ ಬರದಿದ್ರ ಹೆಂಗ್ರಿ?" ಎಂದು ಹೋದ.

ಅಲ್ಲಿಯ ರೀತಿಯೇ ಹಾಗೆ. ಮೆಲ್ಲಗೆ ಆಡಿದ ಮಾತು ಅಲ್ಲಿಗೆ ಮುಗಿಯುತ್ತದೆ. ದನಿ ಎತ್ತಿ ಆಡಿದ್ದು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಆಡಿದವರು ಇರಲಿ ಬಿಡಲಿ, ಇನ್ನೊಂದೇ ಒಂದು ಸಲ ಕೇಳಿಸುತ್ತದೆ. ಅದನ್ನು ಅವರು "ನಿನ್ನೀದು" ಎನ್ನುತ್ತಾರೆ. ಹಾಗಾಗಿ ಸಂತೆಯಲ್ಲಿ ಕಾಯಿಪಲ್ಲೆಯವರು ಕೂಗುವುದಿಲ್ಲ. ಬದನೆಕಾಯಿ ಎತ್ತಿ ಹಿಡಿದು ಹುಬ್ಬು ಹಾರಿಸುತ್ತಾರೆ. ಸಾಲಿಯಲ್ಲಿ ಮಗ್ಗಿಯನ್ನು ತುಟಿಯಲ್ಲೇ ಒಪ್ಪಿಸುತ್ತಾರೆ. ಹಸುಗೂಸಿರುವ ಮನೆಯಲ್ಲಿ ಯಾವುದು ಇವತ್ತಿನ ಅಳು, ಯಾವುದು ನಿನ್ನೀದು ಅಂತ ತಿಳಿಯದೆ ತಾಯಂದಿರು ಬರಿದೇ ತೊಟ್ಟಿಲ ಕಡೆ ಓಡುತ್ತಿರುತ್ತಾರೆ. ಗಂಡ ಹೆಂಡತಿ ಜಗಳವಾಡಬೇಕೆಂದರೆ ಹಳ್ಳದ ಸೇತುವೆ ದಾಟಿ ಹಾಳುಬಿದ್ದ ಸುಣ್ಣದ ಭಟ್ಟಿಯ ಹತ್ತಿರ ಹೋಗಬೇಕು. ಸೇತುವೆಯ ಆಚೆ ನಿನ್ನೀದು ಬರುವುದಿಲ್ಲ. ಪುರಸಭೆಯವರು ಅಲ್ಲಿ ಎರಡು ಕಲ್ಲುಬೆಂಚು ಸಹ ಹಾಕಿಸಿಕೊಟ್ಟಿದ್ದಾರೆ, ಎದುರುಬದುರಾಗಿ.

ಇಂಥ ಊರಿಗೆ ನನ್ನಂಥವಳನ್ನು ಕರೆಸಿದವರು ಸಮುದಾಯ ಭವನದ ಅಧ್ಯಕ್ಷರಾದ ಗುರುಸಿದ್ದಪ್ಪನವರು. ರಿಟೈರಾದ ಪೋಸ್ಟ್‌ಮಾಸ್ತರರು, ಹೆಂಡತಿ ತೀರಿಕೊಂಡವರು, ಕಾಗದದ ಮೇಲೆ ಬರೆದಷ್ಟು ಸ್ಪಷ್ಟವಾಗಿ ಬಾಯಲ್ಲಿ ಹೇಳಲಾಗದವರು. ನನ್ನೆದುರು ಕೂತು ಹತ್ತು ನಿಮಿಷ ಕೆಮ್ಮಿ, ಆಮೇಲೆ, "ಅಕ್ಕಾರ, ನಮ್ಮ ಹುಡುಗೂರ ದನಿ ಹೊಸ್ತಿಲಾ ದಾಟೂದಿಲ್ಲ. ಹೋದ ವರ್ಷ ಪ್ಯಾಟಿಗೆ ನಾಟಕದ ಸ್ಪರ್ಧೆಗೆ ಕಳಿಸಿದ್ವಿ. ಒಂದೂ ಮಾತು ಬಿಡದಂಗ ಒಂದು ತಾಸು ಆಡಿ ಬಂದ್ರು. ಮೂಕಾಭಿನಯದಾಗ ಎರಡನೇ ಬಹುಮಾನ ಕೊಟ್ಟು ಕಳಿಸ್ಯಾರ" ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ. "ನಾಳೆ ಇವರು ಕಾಲೇಜಿಗೆ ಹೋಗೋರು, ನೌಕರಿ ಕೇಳೋರು. ಎಲ್ಲಿ ನಿಂತು ಮಾತಾಡಿದ್ರೂ, ಏನಂದಿ, ಏನಂದಿ ಅಂತಾರ. ಹಾಡು ಕಲಸ್ರಿ, ನಾಟಕಾ ಕಲಸ್ರಿ, ಏನರ ಮಾಡ್ರಿ. ದನಿ ಒಂದು ಕಲಸ್ರಿ."

ಹದಿನಾಲ್ಕು ಮಕ್ಕಳು ಬಂದರು. ಮೊದಲ ವಾರ ಅವರನ್ನು ಭವನದ ನೆಲದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದೊಂದು ದಪ್ಪ ಪುಸ್ತಕ ಇಟ್ಟು ಉಸಿರಾಡಿಸಿದೆ. ಪುಸ್ತಕ ಏಳಬೇಕು, ಇಳಿಯಬೇಕು. ಉಸಿರು ಎದೆಯಲ್ಲಿ ಸಿಕ್ಕಿಕೊಳ್ಳಕೂಡದು. ಪಿಂಜಾರರ ದಾವಲಸಾಬ ಎಂಬ ಗುಂಡನೆಯ ಹುಡುಗ ಮೂರೇ ನಿಮಿಷಕ್ಕೆ ನಿದ್ದೆಹೋದ. ಉಳಿದವರ ಪುಸ್ತಕಗಳು ಅಲುಗಿದವೋ ಇಲ್ಲವೋ ಅನ್ನುವಷ್ಟು ಅಲುಗಿದವು. ಮೂಲೆಯಲ್ಲಿ ಮಲಗಿದ್ದ ಒಬ್ಬಳ ಪುಸ್ತಕ ಮಾತ್ರ ದೋಣಿಯ ಹಾಗೆ ಎದ್ದೆದ್ದು ಕೊನೆಗೆ ಜಾರಿಬಿತ್ತು. ಹದಿನಾಲ್ಕು ವರ್ಷದ ನೀಲಾಂಬಿಕಾ. ಅಧ್ಯಕ್ಷರ ಕಿರಿಯ ಮಗಳು. ಧೂಳಿಗೋ ಏನೋ ಅವಳೊಮ್ಮೆ ಸೀನಿದಳು. ಮರುದಿನ ಅದೇ ಹೊತ್ತಿಗೆ ನಾನು ಹಾರ್ಮೋನಿಯಂ ಒತ್ತಿಕೊಂಡಿದ್ದಾಗ ಆ ಸೀನು ತಿರುಗಿ ಬಂತು. ದೇವರಾಣೆ, ಅದು ನಾನು ಹಿಡಿದಿದ್ದ ಮೂರನೇ ಕಪ್ಪು ಮನೆಯ ಶ್ರುತಿಗೆ ಸರಿಯಾಗಿ ಕೂತಿತ್ತು.

ಆದರೆ ಬಾಯಿಬಿಟ್ಟು ಹಾಡೆಂದರೆ ನೀಲಾ ಗೋಡೆ ಸೇರುತ್ತಿದ್ದಳು. ಕಾರಣ ಹೇಳಿದವಳು ಅವಳ ಅಕ್ಕ ಅನ್ನಪೂರ್ಣಾ. ಇಪ್ಪತ್ತಾರು ವರ್ಷದ ಈಕೆ ಮಕ್ಕಳ ವೇಷಗಳನ್ನು ಹೊಲಿದುಕೊಡಲು ಬರುತ್ತಿದ್ದಳು. ತುಟಿಗಳ ನಡುವೆ ಯಾವಾಗಲೂ ನಾಲ್ಕಾರು ಗುಂಡುಪಿನ್ನು. ಐದು ವರ್ಷದ ಹಿಂದೆ ಅನ್ನಪೂರ್ಣಾಳನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಹಿಂದಿನ ದಿನ ಪಡಸಾಲೆಯಲ್ಲಿ ಅವನ ಫೋಟೋ ನೋಡಿದ ಪುಟ್ಟ ನೀಲಾ, "ಅಕ್ಕಾ, ಈ ವರಾ ಮೊಲದಂಗ ಕಾಣ್ತಾನ!" ಎಂದು ಕಿರುಚಿದ್ದಳು. ಮರುದಿನ ವರಮಹಾಶಯ ಅದೇ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ಕೂತಿದ್ದ ಹೊತ್ತಿಗೆ ಸರಿಯಾಗಿ ನಿನ್ನೀದು ಬಂತು. ಅವನು ತಾಟು ಕೆಳಗಿಟ್ಟ. ಅವನ ತಾಯಿ ಎದ್ದು ಚಪ್ಪಲಿ ಮೆಟ್ಟಿದರು. ಆ ಸುದ್ದಿ ಊರೂರು ತಿರುಗಿ ಅನ್ನಪೂರ್ಣಾಳಿಗೆ ಮತ್ತೊಂದು ಸಂಬಂಧ ಬರಲಿಲ್ಲ. ನೀಲಾ ಅಂದಿನಿಂದ ಉಸಿರಿನಲ್ಲೇ ಮಾತಾಡುತ್ತಿದ್ದಳು. ಮನೆಯಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ. ಬೈಯಲು ಸಹ ದನಿ ಬೇಕಲ್ಲ.

ಊರೊಳಗೆ ತಾಲೀಮು ಸಾಧ್ಯವಿರಲಿಲ್ಲ. ದಿನಾ ಸಂಜೆ ಮಕ್ಕಳನ್ನು ಸೇತುವೆ ದಾಟಿಸಿ ಸುಣ್ಣದ ಭಟ್ಟಿಗೆ ಕರೆದೊಯ್ದೆ. ಅಲ್ಲಿ ಮೊದಲೇ ಜಗಳಕ್ಕೆ ಬಂದವರು ಇರುತ್ತಿದ್ದರು. ನಾವು ಒಂದು ಕಡೆ "ಸಾ" ಹಿಡಿದರೆ, ಇನ್ನೊಂದು ಕಡೆಯಿಂದ "ನಿಮ್ಮವ್ವ ಏನು ಕಡಿಮಿ ಅದಾಳೇನು?" ಎಂಬ ಪಲ್ಲವಿ. ಒಂದು ವಾರ ಸಹಿಸಿದೆ. ಆಮೇಲೆ ಅನ್ನಿಸಿತು: ಅಭಿನಯ ಕಲಿಸಲು ಇದಕ್ಕಿಂತ ಒಳ್ಳೆಯ ಸಾಲಿ ಎಲ್ಲಿ ಸಿಗಬೇಕು! ಮಕ್ಕಳನ್ನು ಸಾಲಾಗಿ ಕೂರಿಸಿದೆ. "ನೋಡ್ರಿ, ಸಿಟ್ಟು ಬಂದಾಗ ಕೈ ಎಲ್ಲಿ ಇರ್ತಾವು? ಮಾತಿಗಿಂತ ಮೊದಲ ಉಸಿರು ಹೆಂಗ ತಗೋತಾರ? ಅಳು ಬರೋ ಮುಂದ ಆಕಿ ಯಾಕ ಮಾರಿ ತಿರುಗಿಸಿದ್ಲು?" ಗಂಡಂದಿರಿಗೆ ಮುಜುಗರ. ಹೆಂಡಂದಿರು ಮಾತ್ರ ಪ್ರೇಕ್ಷಕರು ಸಿಕ್ಕರೆಂದು ಇನ್ನಷ್ಟು ಹುರುಪಿನಿಂದ ಆಡಿದರು. ಒಬ್ಬಾಕೆಯಂತೂ ಜಗಳದ ನಡುವೆ ತಿರುಗಿ, "ಅಕ್ಕಾರ, ಹಿಂದಿನವರಿಗೆ ಕೇಳಿಸ್ತೇನ್ರಿ?" ಎಂದು ವಿಚಾರಿಸಿದಳು.

ನಾಟಕವನ್ನು ನಾನೇ ಬರೆದೆ. ಒಬ್ಬ ರಾಜ ಹನ್ನೆರಡು ವರ್ಷ ಯುದ್ಧ ಮಾಡಿ, ಗೆದ್ದು ಅರಮನೆಗೆ ಮರಳುತ್ತಾನೆ. ರಾಣಿ ಬಾಗಿಲು ತೆಗೆಯುವುದಿಲ್ಲ. ಇಷ್ಟೇ ಕಥೆ. ಉಳಿದದ್ದೆಲ್ಲ ಬಾಗಿಲಿನ ಆಚೆ ಈಚೆಯ ಹಾಡುಗಳು. "ಅಗುಳಿ ಸರಿಸೆ ಅರಸಿ, ಬಿಸಿಲಲಿ ನಿಂತೆನೆ" ಎಂದು ರಾಜ ಹಾಡಿದರೆ, "ನಿಂತಲ್ಲೆ ನಿಲ್ಲು ದೊರೆಯೆ, ನೆರಳು ಬರುವತನಕ" ಎಂದು ರಾಣಿ. ದಾವಲಸಾಬ ರಾಜ. ಬಾಗಿಲು ಕಾಯುವವರು ಇಬ್ಬರು ಸಣ್ಣ ಹುಡುಗಿಯರು. ರಾಣಿಯ ಪಾತ್ರವನ್ನು ನೀಲಾಳಿಗೆ ಕೊಟ್ಟೆ. ಅವಳ ಅಕ್ಕ ಭಟ್ಟಿಯ ಗೋಡೆಗೊರಗಿ ಹೊಲಿಯುತ್ತ, ನೀಲಾ ತಡವರಿಸಿದಾಗಲೆಲ್ಲ ತುಟಿಯಲ್ಲೇ ಮುಂದಿನ ಮಾತು ತೋರಿಸುತ್ತಿದ್ದಳು. ನೀಲಾ ಹಾಡುವುದು ಗೆಜ್ಜೆ ಕಟ್ಟಿದ ಇರುವೆಯ ನಡಿಗೆಯಷ್ಟು ಕೇಳಿಸುತ್ತಿತ್ತು. "ಕಡೀ ಸಾಲಿನಾಗ ಒಬ್ಬ ಕಿವುಡ ಅಜ್ಜ ಕುಂತಾನ, ಅವಗ ಹೇಳು" ಎಂದೆ. ಅವಳು ಮೆಲ್ಲಗೆ, "ಅವಗ ಚೀಟಿ ಬರದು ಕೊಡೂಣೇನ್ರಿ?" ಎಂದಳು.

ಪ್ರದರ್ಶನ ಭಾನುವಾರ ಸಂಜೆ ಆರಕ್ಕೆ, ಭವನದಲ್ಲೇ ಎಂದಾಯಿತು. ಸೇತುವೆ ದಾಟಿ ನಾಟಕ ನೋಡಲು ಹಿರಿಯರು ಒಪ್ಪಲಿಲ್ಲ. ದಾಟಿದವರನ್ನು ಕಂಡರೆ, ಇವರ ಮನೆಯಲ್ಲಿ ಜಗಳವಂತೆ ಎಂದು ಜನ ಆಡಿಕೊಳ್ಳುತ್ತಾರಲ್ಲ. ಹೀಗಾಗಿ ಶನಿವಾರ ಸಂಜೆ ಭವನದಲ್ಲಿ ಯಾರೂ ದನಿ ಎತ್ತಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಎತ್ತಿದ್ದೆಲ್ಲ ಮರುದಿನ ನಾಟಕದ ನಡುವೆ ಬಂದು ಬೀಳುತ್ತದೆ. ಪರದೆ ಕಟ್ಟುವವರು ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು. ಅನ್ನಪೂರ್ಣಾ ನೀಲಾಳ ಮೈಮೇಲೆ ರಾಣಿಯ ಲಂಗ ಇಟ್ಟು ಪಿನ್ನು ಚುಚ್ಚುತ್ತಿದ್ದಳು. ಆಗ, ಆರೂ ಇಪ್ಪತ್ತಕ್ಕೆ, ಗುರುಸಿದ್ದಪ್ಪನವರು ಕೈಯಲ್ಲಿ ನಾಟಕದ ಕರಪತ್ರ ಹಿಡಿದು ಬಂದರು.

"ರಾಣಿ, ನೀಲಾಂಬಿಕಾ ಅಂತ ಅಚ್ಚು ಹಾಕಿಸೀರಿ" ಎಂದರು ನನಗೆ. "ನಾ ತಿಳದಿದ್ದೆ, ಆಕಿ ಹಿಂದ ನಿಂತು ಹಾಡೋರೊಳಗ ಅದಾಳ ಅಂತ."

"ಈ ಹದಿನಾಲ್ಕು ಮಂದ್ಯಾಗ ದನಿ ಅನ್ನೂದು ಇರೂದೇ ಆಕೀಗೆ ಅಧ್ಯಕ್ಷರ" ಎಂದೆ, ನನಗೆ ಸಾಧ್ಯವಾದಷ್ಟು ಮೆಲ್ಲಗೆ.

"ಎಲ್ಲಾ ಹುಡುಗೂರಿಗೂ ಕಲಸ್ರಿ ಅಂದೆ, ಖರೆ. ನಮ್ಮ ಮನೀದು ಬ್ಯಾರೆ ಐತ್ರಿ." ಅವರು ಮಗಳ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ ಪಿಸುಗುಟ್ಟಿದರು: "ನಡಿಯವ್ವ ಮನೀಗೆ. ಈ ಬಾಯಿಂದ ನಿಮ್ಮಕ್ಕ ಐದು ವರ್ಷ ಮನ್ಯಾಗ ಕುಂತಾಳ. ಮತ್ತ ಊರ ಮುಂದ ಇದ ಬಾಯಿ ತಗೀತೀಯೇನು?"

ನೀಲಾಳ ಹೊಟ್ಟೆ ಉಬ್ಬಿದ್ದನ್ನು ನಾನು ಕಂಡೆ. ಉಸಿರು ನಾನು ಕಲಿಸಿದಲ್ಲಿಗೇ ಇಳಿಯಿತು. ಆಮೇಲೆ ಭವನದ ತಗಡು ನಡುಗಿತು. "ಅಕ್ಕನ್ನ ಒಮ್ಮೆರ ಕೇಳೀರೇನು? ಐದು ವರ್ಷ ಆತು! ಆಕಿಗೆ ಏನು ಬೇಕು ಅಂತ ಒಬ್ಬರರ ಕೇಳೀರೇನು?"

ಪರದೆ ಕಟ್ಟುತ್ತಿದ್ದವನು ಏಣಿಯಿಂದ ಇಳಿದ. ನನಗಾದರೆ, ಹೇಳಲು ನಾಚಿಕೆಯಾಗುತ್ತದೆ, ಮೊದಲು ಅನ್ನಿಸಿದ್ದು ಒಂದೇ: ಕಡೆಯ ಸಾಲಿನ ಅಜ್ಜನಿಗೆ ಮುಟ್ಟಿತು! ನೀಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾಳೆ ಇದೇ ಹೊತ್ತಿಗೆ ಇಡೀ ಊರು ಇಲ್ಲಿ ಕೂತಿರುತ್ತದೆ ಎಂಬುದು ಅವಳಿಗೆ ಹೊಳೆದಿತ್ತು. ಗುರುಸಿದ್ದಪ್ಪನವರು ಹಿರಿಯ ಮಗಳ ಮುಖ ನೋಡಿದರು. ಅನ್ನಪೂರ್ಣಾ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಕೇಳಿಲ್ಲಪ್ಪಾ" ಎಂದಳು. "ಆ ವರಾ ಕುಂತಷ್ಟೊತ್ತೂ ತಮ್ಮ ಎಮ್ಮಿ ಎಷ್ಟು ಹಾಲು ಹಿಂಡತೈತಿ ಅಂತ ಹೇಳಿದ. ಅವ ಎದ್ದು ಹೋದಾಗ ನಾ ಒಳಗ ಹೋಗಿ ಉಳಿದ ಉಪ್ಪಿಟ್ಟೆಲ್ಲಾ ತಿಂದೆ. ಅಷ್ಟು ಹಸಿವಾಗಿತ್ತು." ಅಧ್ಯಕ್ಷರು ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೊರಟುಹೋದರು.

"ನಾ ನಾಳೆ ಬರೂದಿಲ್ಲ" ಎಂದಳು ನೀಲಾ. ಮಕ್ಕಳೆಲ್ಲ ಅವಳ ಸುತ್ತ ಕೂತರು. ದಾವಲಸಾಬ ಬಹಳ ಯೋಚಿಸಿ, "ಈಕಿ ಕೂಗಿದ್ದನ್ನ ಅಳಸಾಕ ಬರೂದಿಲ್ಲ. ನಾಟಕದಾಗ ಸೇರಿಸಿಬಿಟ್ರ?" ಎಂದ. ಎಲ್ಲರೂ ನನ್ನ ಮುಖ ನೋಡಿದರು. ಅಕ್ಕನ್ನ ಕೇಳೀರೇನು ಅನ್ನಬೇಕಾದರೆ ರಾಣಿಗೊಬ್ಬಳು ತಂಗಿ ಬೇಕು. ಕೂಗು ನೀಲಾಳದು, ಹಾಗಾದರೆ ತಂಗಿ ನೀಲಾ. ಮತ್ತೆ ರಾಣಿ ಯಾರು? ಒಂದೇ ರಾತ್ರಿಯಲ್ಲಿ ಏಳು ಹಾಡು ಕಲಿಯುವವರು ಯಾರು? ಹದಿನಾಲ್ಕು ಮಕ್ಕಳೂ ಒಟ್ಟಿಗೆ ಅನ್ನಪೂರ್ಣಾಳ ಕಡೆ ತಿರುಗಿದರು. ಅವಳು ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಳ್ಳಲು ಹೋದಳು. ನಾನು ಕೈ ಹಿಡಿದುಕೊಂಡೆ. ಹನ್ನೆರಡು ವರ್ಷದ ಯುದ್ಧವನ್ನು ಐದು ವರ್ಷಕ್ಕೆ ಇಳಿಸಿದೆವು. ಆರಕ್ಕೆ ಪರದೆ ಎದ್ದರೆ ಆರೂ ಇಪ್ಪತ್ತಕ್ಕೆ ರಾಜ ಬಾಗಿಲ ಮುಂದೆ ನಿಂತಿರುತ್ತಾನೆ, ತಂಗಿ ಬಾಯಿ ತೆರೆಯುತ್ತಾಳೆ, ನಿನ್ನೀದು ಬರುತ್ತದೆ. ಲೆಕ್ಕ ಸರಿಯಾಗಿತ್ತು.

ಭಾನುವಾರ ಪರದೆ ಆರಕ್ಕೆ ಏಳಲಿಲ್ಲ. ಸದ್ದಾಗದಿರಲೆಂದು ಪರದೆಯ ಹಗ್ಗದ ಗಾಲಿಗೆ ಯಾರೋ ಬಟ್ಟೆ ಸುತ್ತಿದ್ದರು, ಹಗ್ಗ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಹದಿಮೂರು ನಿಮಿಷ ಕಳೆಯಿತು. ಭವನ ತುಂಬಿತ್ತು, ಕಿಟಕಿಗಳಲ್ಲೂ ಜನ. ಮುಂದಿನ ಸಾಲಿನಲ್ಲಿ ಗುರುಸಿದ್ದಪ್ಪನವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಾಟಕ ಶುರುವಾಗಿ, ಇಬ್ಬರು ಬಾಗಿಲು ಕಾಯುವವರು ಗೊರಕೆ ಹೊಡೆಯುವ ಮೊದಲ ದೃಶ್ಯ ಇನ್ನೂ ನಡೆಯುತ್ತಿತ್ತು. ರಾಜ ಒಳಗೆ ಒಂದು ಕಡೆಯ ಮೀಸೆ ಅಂಟಿಸಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ. ಆಗ ನಟ್ಟನಡು ರಂಗದ ಮೇಲೆ, ಯಾರೂ ಇಲ್ಲದಲ್ಲಿಂದ ಸಿಡಿಯಿತು: "ಅಕ್ಕನ್ನ ಒಮ್ಮೆರ ಕೇಳೀರೇನು?"

ಗೊರಕೆ ನಿಂತಿತು. "ಐದು ವರ್ಷ ಆತು! ಆಕಿಗೆ ಏನು ಬೇಕು ಅಂತ ಒಬ್ಬರರ ಕೇಳೀರೇನು?" ಯಾರ ದನಿ, ಯಾವ ಅಕ್ಕ, ಎಲ್ಲವೂ ಎಲ್ಲರಿಗೂ ತಿಳಿಯಿತು. ಪರದೆಯ ಮರೆಯಲ್ಲಿ ನೀಲಾ ನನ್ನ ಸೆರಗು ಹಿಡಿದುಕೊಂಡಿದ್ದಳು. ನನಗೂ ಏನೂ ತೋಚಲಿಲ್ಲ. ಇಪ್ಪತ್ತಾರು ವರ್ಷದ ಅನುಭವವೆಲ್ಲ ಎಲ್ಲಿಗೆ ಹೋಯಿತೋ! ಅಷ್ಟರಲ್ಲಿ ಬಾಗಿಲು ಕಾಯುವ ಹುಡುಗಿಯರಲ್ಲಿ ಸಣ್ಣವಳು ಎದ್ದು ಕೂತು, ಕಣ್ಣುಜ್ಜಿ, ಕಡೆಯ ಸಾಲಿಗೆ ಮುಟ್ಟುವ ದನಿಯಲ್ಲಿ, "ನಾವಂತೂ ಕೇಳಿಲ್ಲವ್ವ, ನಮ್ಮದು ಬರೇ ಬಾಗಲಾ ಕಾಯೂ ಕೆಲಸ!" ಎಂದಳು. ಜನ ನಕ್ಕುಬಿಟ್ಟರು. ಆ ನಗೆಯೊಳಗೆ ದಾವಲಸಾಬ ಒಂದೇ ಮೀಸೆಯಲ್ಲಿ ನುಗ್ಗಿದ. "ಯಾರದು ಕೂಗಿದ್ದು? ಕೇಳಿಲ್ಲಂದ್ರ ಈಗ ಕೇಳ್ತೇನಿ! ಎಲ್ಲದಾಳ ನಮ್ಮ ರಾಣಿ?"

ನಾನು ಅನ್ನಪೂರ್ಣಾಳ ಬೆನ್ನಿಗೆ ಕೈ ಹಚ್ಚಿ ದೂಡಿದೆ. ತಂಗಿಯ ಅಳತೆಗೆ ಹೊಲಿದಿದ್ದ ಲಂಗ ಅವಳಿಗೆ ಮೊಣಕಾಲ ಕೆಳಗೆ ಒಂದು ಗೇಣಷ್ಟೇ ಬಂದಿತ್ತು. ರಾಜ ಅವಳ ಭುಜಕ್ಕೆ ಬರುತ್ತಿದ್ದ. ಅವನು ಕತ್ತೆತ್ತಿ, ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕೇಳಿದ: "ಹೇಳು ರಾಣಿ. ನಿನಗ ಏನು ಬೇಕು?"

ಈ ಮಾತು ನಮ್ಮ ಪುಸ್ತಕದಲ್ಲಿರಲಿಲ್ಲ. ಅನ್ನಪೂರ್ಣಾ ಲಂಗದ ಅಂಚನ್ನು ಕೆಳಗೆಳೆದುಕೊಂಡಳು. ಆಮೇಲೆ ಅವಳು, ಭಟ್ಟಿಯ ಗೋಡೆಗೊರಗಿ ಮೂರು ತಿಂಗಳು ಪಾಠ ಕೇಳಿದವಳು, ಹೊಟ್ಟೆಯಿಂದ ಉಸಿರು ತೆಗೆದು ಹೇಳಿದಳು: "ನನಗ ಒಂದು ಹೊಲಿಗಿ ಅಂಗಡಿ ಬೇಕು! ಬಜಾರದಾಗ! ಮ್ಯಾಲ ನನ್ನ ಹೆಸರಿನ ಬೋರ್ಡು ಇರಬೇಕು!"

ರಾಜ ಕಂಗಾಲಾದ. "ನೀ... ನೀ ರಾಣಿ ಅದಿಯಲ್ಲ!"

"ರಾಣಿ ಆದ್ರೇನು? ನಿನ್ನ ಸೈನ್ಯಕ್ಕ ಅಂಗಿ ಹೊಲದೋರು ಯಾರು?"

ಆ ಊರಲ್ಲಿ ಅಂಥ ನಗೆಯನ್ನು ಯಾರೂ ಕೇಳಿರಲಿಲ್ಲ. ಅದು ಇಳಿಯುವ ಮೊದಲೇ ನೀಲಾ ನನ್ನ ಸೆರಗು ಬಿಟ್ಟು ಓಡಿ ಅಕ್ಕನ ಪಕ್ಕ ನಿಂತು, "ನಿಂತಲ್ಲೆ ನಿಲ್ಲು ದೊರೆಯೆ" ಎಂದು ಎತ್ತಿಕೊಂಡಳು. ನಾನು ಓಡಿಹೋಗಿ ಹಾರ್ಮೋನಿಯಂಗೆ ಕೂತೆ. ಆ ಹುಡುಗಿಯ ದನಿಯನ್ನು ಹೇಗೆ ಹೇಳಲಿ! ಬಾವಿಯಿಂದ ತುಂಬಿದ ಕೊಡ ಮೇಲೆ ಬಂದಂತೆ ತುಳುಕುತ್ತ ಬಂತು. ಕಥೆ ಹಿಂದುಮುಂದಾಯಿತು, ಎರಡು ಹಾಡು ಬಿಟ್ಟೇಹೋದವು, ರಾಜ ಕೊನೆಯವರೆಗೂ ಒಂದೇ ಮೀಸೆಯಲ್ಲಿದ್ದ. ಯಾರೂ ಏಳಲಿಲ್ಲ. ಗುರುಸಿದ್ದಪ್ಪನವರ ಮುಖ ಮಾತ್ರ ಮುಚ್ಚಿದ ಲಕೋಟೆಯಂತಿತ್ತು.

ಸೋಮವಾರ ಸಂಜೆ ಭವನದ ಬೀಗ ತೆಗೆದು ಸಾಮಾನು ಹೊರಗೆ ಹಾಕಿಸೋಣವೆಂದು ಹೋದರೆ, ಬಾಗಿಲಲ್ಲಿ ಜನ! ನಿನ್ನೀದು ಕೇಳಲು ಚಾಪೆ ಸಮೇತ ಬಂದಿದ್ದರು. ಬರಿದಾದ ರಂಗದ ಮುಂದೆ ಸಾಲಾಗಿ ಕೂತು, ಕಾಣದ ನಾಟಕವನ್ನು ಮೊದಲಿನಿಂದ ಕೇಳಿದರು. ಅನ್ನಪೂರ್ಣಾ ಬಂದಿರಲಿಲ್ಲ, ವೇಷದ ಬಟ್ಟೆ ಒಗೆಯುತ್ತೇನೆಂದು ಮನೆಯಲ್ಲೇ ಉಳಿದಿದ್ದಳು. "ಮ್ಯಾಲ ನನ್ನ ಹೆಸರಿನ ಬೋರ್ಡು ಇರಬೇಕು!" ಎಂದು ಅವಳ ದನಿ ಬಂದದ್ದೇ, ಗುರುಸಿದ್ದಪ್ಪನವರು ಎದ್ದು ನಿಂತರು. ಭವನದ ಅಧ್ಯಕ್ಷರು, ಅರವತ್ತೆರಡು ವರ್ಷದಲ್ಲಿ ಒಮ್ಮೆಯೂ ದನಿ ಎತ್ತದವರು, ಬರಿದಾದ ರಂಗಕ್ಕೆ ಮುಖಮಾಡಿ ಕೂಗಿದರು: "ಆತವ್ವಾ! ಅಂಗಡಿ ಹಾಕು! ಆದ್ರ ನಮ್ಮ ಮನೀ ಪಡಸಾಲ್ಯಾಗ!" ಕೂಗಿದ್ದೇ ಚಪ್ಪಲಿ ಮೆಟ್ಟಿ ಹೋಗಿಬಿಟ್ಟರು.

ಮಂಗಳವಾರ ನಾನು ಅನ್ನಪೂರ್ಣಾಳನ್ನು ಕೈಹಿಡಿದು ಕರೆತಂದೆ. ಆರೂವರೆಯ ಸುಮಾರಿಗೆ ಅಪ್ಪನ ದನಿ ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡು, ಅಪ್ಪ ನಿಂತಿದ್ದ ಜಾಗಕ್ಕೆ ತಿರುಗಿ, "ಪಡಸಾಲ್ಯಾಗ ಅಲ್ಲ, ಬಜಾರದಾಗ!" ಎಂದು ಕೂಗಿದಳು. ಬುಧವಾರ ಅವರು ಬಂದು ಅದನ್ನು ಕೇಳಿಸಿಕೊಂಡು, "ಬಜಾರದಾಗ ಆದ್ರ ಸಂಜೀ ಏಳಕ್ಕ ಮುಚ್ಚಬೇಕು!" ಎಂದರು. ಗುರುವಾರ ಇವಳು, "ಎಂಟಕ್ಕ!" ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಮನೆಯಲ್ಲಿ ಈ ಬಗ್ಗೆ ಒಂದಕ್ಷರವೂ ಆಡುತ್ತಿರಲಿಲ್ಲವಂತೆ. "ಉಪ್ಪು ಕೊಡು, ಚಟ್ನಿ ಕೊಡು, ಅಷ್ಟ ಮಾತ್ರಿ" ಎಂದಳು ನೀಲಾ. ನನ್ನ ಮಕ್ಕಳು ದಿನಾ ಆರೂವರೆಗೆ ಪಾಠ ಬಿಟ್ಟು ಬಂದು ಬೆಂಚು ಹಿಡಿಯುತ್ತಿದ್ದರು. ಯಾರು ಗೆಲ್ಲುತ್ತಾರೆಂದು ಅವರೊಳಗೆ ಎರಡು ಪಕ್ಷಗಳಾಗಿದ್ದವು. ಶುಕ್ರವಾರ ಗುರುಸಿದ್ದಪ್ಪನವರು, "ಎಂಟಕ್ಕ ಆತು! ಆದ್ರ ಮೊದಲನೇ ಅಂಗಿ ನಂದ ಹೊಲೀಬೇಕು! ಕಾಲರು ಸರಿಯಾಗಿ ಬರದಿದ್ರ ನಾ ಊರ ತುಂಬಾ ಹೇಳ್ತೇನಿ!" ಎಂದರು.

ಶನಿವಾರ ಇದನ್ನು ಕೇಳಿದ ಅನ್ನಪೂರ್ಣಾ ನಕ್ಕಳು. ತಡೆಯಲಾಗದೆ, ಬೆಂಚು ಹಿಡಿದುಕೊಂಡು, ಭವನ ತುಂಬುವ ಹಾಗೆ ನಕ್ಕು, ನಗುತ್ತಲೇ ಮನೆಗೆ ಹೋದಳು.

ಭಾನುವಾರ ಗುರುಸಿದ್ದಪ್ಪನವರು ಬಂದು ತಮ್ಮ ಜಾಗದಲ್ಲಿ ಕೂತರು. ಹೊತ್ತಿಗೆ ಸರಿಯಾಗಿ ಆ ನಗು ಬಂತು. ಬಂದು, ಬಾಗಿಲ ಕಡೆ ಸರಿದು, ನಿಂತಿತು. ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಅಕ್ಕಾರ" ಎಂದರು, "ಇದಕ್ಕೇನು ಉತ್ತರಾ ಕೊಡ್ಲಿ?"

"ಇಲ್ಲಿ ಏನೂ ಕೊಡಬ್ಯಾಡ್ರಿ" ಎಂದೆ. "ಮನೀಗೆ ಹೋಗ್ರಿ. ಆಕಿ ಅಲ್ಲೇ ಅದಾಳ."